ಹದಿನಾರು ಕನಸುಗಳ ಮರುದಿನ

ಮಗಧದ ನಂದರನ್ನು ಉರುಳಿಸಿ, ಸೆಲ್ಯೂಕಸನಿಗೆ 500 ಆನೆಗಳನ್ನಿತ್ತು ವಾಯವ್ಯದ ಪ್ರಾಂತ್ಯಗಳನ್ನು ಪಡೆದ ಚಂದ್ರಗುಪ್ತ ಮೌರ್ಯನಿಗೆ ನೆಮ್ಮದಿಯ ನಿದ್ರೆ ಮಾತ್ರ ದಕ್ಕಿರಲಿಲ್ಲ. ಅವನ ಆಸ್ಥಾನಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಸ್ತನೀಸನ ಬರಹವನ್ನು ಆಧರಿಸಿದ ವರ್ಣನೆಗಳ ಪ್ರಕಾರ, ಅರಸನು ಒಳಸಂಚಿಗೆ ಅಂಜಿ ರಾತ್ರಿಯ ವೇಳೆ ಆಗಾಗ ಹಾಸಿಗೆಯನ್ನು ಬದಲಿಸಬೇಕಾಗಿತ್ತು.

ಇಂತಹ ಅರಸನಿಗೆ ಕಾರ್ತಿಕ ಹುಣ್ಣಿಮೆಯ ಒಂದು ರಾತ್ರಿ ಹದಿನಾರು ಕನಸುಗಳು ಬಿದ್ದುವೆಂದು ದೇವಚಂದ್ರನ ‘ರಾಜಾವಳೀಕಥೆ’ ಹೇಳುತ್ತದೆ. ಸೂರ್ಯನು ಅಸ್ತಮಿಸುತ್ತಿದ್ದನು, ಕಲ್ಪವೃಕ್ಷದ ಕೊಂಬೆ ಮುರಿದು ಬಿತ್ತು, ಕಪ್ಪಾನೆಗಳು ಕಾದಾಡಿದವು, ಸಿಂಹಾಸನದ ಮೇಲೆ ಮಂಗ ಕುಳಿತಿತ್ತು, ಕೊನೆಗೆ ಹನ್ನೆರಡು ಹೆಡೆಯ ಸರ್ಪವೊಂದು ಸಮೀಪಿಸಿತು. ಬೆಳಗಾದಾಗ ಚಕ್ರವರ್ತಿಯ ದೇಹ ಹಾಸಿಗೆಯಲ್ಲಿಯೇ ಇತ್ತು. ಮನಸ್ಸು ಮಾತ್ರ ಇರುಳೆಲ್ಲ ಅಲೆದು ಬಳಲಿತ್ತು.

ಜೈನ ಸಿದ್ಧಾಂತವು ನಿದ್ರೆಯನ್ನು ಬರಿಯ ವಿಶ್ರಾಂತಿಯೆಂದು ಎಣಿಸುವುದಿಲ್ಲ. ಅದು ದರ್ಶನಾವರಣೀಯ ಕರ್ಮದ ಉದಯದ ಫಲ. ನಿದ್ರಾ, ನಿದ್ರಾನಿದ್ರಾ, ಪ್ರಚಲಾ, ಪ್ರಚಲಾಪ್ರಚಲಾ, ಸ್ತ್ಯಾನಗೃದ್ಧಿ ಎಂದು ಅದರಲ್ಲಿ ಐದು ಬಗೆ. ನಿದ್ರಿಸುವಾಗ ಇಂದ್ರಿಯಗಳು ಅಡಗುತ್ತವೆ. ಕ್ರೋಧ, ಮಾನ, ಮಾಯಾ, ಲೋಭಗಳೆಂಬ ಕಷಾಯಗಳು ಅಡಗುವುದಿಲ್ಲ. ಹಗಲು ಹಿಡಿದುಕೊಂಡದ್ದನ್ನು ಮನಸ್ಸು ಇರುಳಿನಲ್ಲಿಯೂ ಹಿಡಿದೇ ಇರುತ್ತದೆ. ಎದ್ದಾಗಿನ ದಣಿವು ಆ ಹಿಡಿತದ್ದು.

ಚಂದ್ರಗುಪ್ತನು ಶ್ರುತಕೇವಲಿ ಭದ್ರಬಾಹುಗಳ ಬಳಿಗೆ ಹೋಗಿ ತನ್ನ ಕನಸುಗಳನ್ನು ನಿವೇದಿಸಿದನು. ಗುರುಗಳು ಸಿಹಿಮಾತಿನಿಂದ ಸಂತೈಸಲಿಲ್ಲ. ಮುಳುಗುವ ಸೂರ್ಯನೆಂದರೆ ಕ್ಷೀಣಿಸಲಿರುವ ಶ್ರುತಜ್ಞಾನ. ಸಿಂಹಾಸನದ ಮಂಗವೆಂದರೆ ಅಯೋಗ್ಯರ ಆಳ್ವಿಕೆ. ಹನ್ನೆರಡು ಹೆಡೆಗಳೆಂದರೆ ಹನ್ನೆರಡು ವರ್ಷಗಳ ಕ್ಷಾಮ ಎಂದು ಇದ್ದುದನ್ನು ಇದ್ದಂತೆ ತಿಳಿಸಿದರು. ತಾನು ಕಾವಲಿಟ್ಟು ಕಾಯುತ್ತಿದ್ದುದು ಯಾವ ಕಾವಲಿಗೂ ನಿಲ್ಲದೆಂಬುದು ಅರಸನಿಗೆ ಮನದಟ್ಟಾಯಿತು. ಅವನು ಕನಸನ್ನು ಅಳಿಸಲು ಯತ್ನಿಸಲಿಲ್ಲ. ಕನಸಿನ ಬೇರಾದ ಪರಿಗ್ರಹವನ್ನೇ ತೊರೆದನು. ಮಗನಿಗೆ ರಾಜ್ಯವನ್ನು ಒಪ್ಪಿಸಿ, ದೀಕ್ಷೆ ಪಡೆದು, ಗುರುಗಳೊಡನೆ ದಕ್ಷಿಣಕ್ಕೆ ನಡೆದನು.

ಆ ನಡೆ ಶ್ರವಣಬೆಳಗೊಳದ ಕಟವಪ್ರ ಗಿರಿಯಲ್ಲಿ ನಿಂತಿತು. ಅಲ್ಲಿ ಭದ್ರಬಾಹುಗಳು ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡುವವರೆಗೂ ಶಿಷ್ಯನು ಅವರ ಸೇವೆಗೈದನು. ಮುಂದೆ ತಾನೂ ಅದೇ ಮಾರ್ಗವನ್ನು ಹಿಡಿದನು. ದಿಗಂಬರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಕ್ಷಿತಿಶಯನವೂ ಒಂದು. ಹಂಸತೂಲಿಕೆಯಿಂದ ಹಂಸತೂಲಿಕೆಗೆ ಅಲೆಯುತ್ತಿದ್ದವನಿಗೆ ಬರಿಯ ನೆಲವೇ ಶಯ್ಯೆಯಾಯಿತು. ಕದಿಯಲು ಏನೂ ಉಳಿದಿರದ ಕಾರಣ ಅದನ್ನು ಬದಲಿಸಬೇಕಾಗಿರಲಿಲ್ಲ. ಈಗ ಚಂದ್ರಗಿರಿ ಎನಿಸಿಕೊಂಡಿರುವ ಆ ಬೆಟ್ಟದ ಚಂದ್ರಗುಪ್ತ ಬಸದಿಯಲ್ಲಿ, ದಾಸೋಜನೆಂಬ ಶಿಲ್ಪಿಯ ಹೆಸರಿರುವ ಕಲ್ಲಿನ ಜಾಲಂಧ್ರಗಳು ಈ ಗುರುಶಿಷ್ಯರ ಕಥೆಯನ್ನು ಸಾಲುಸಾಲಾಗಿ ತೋರಿಸುತ್ತವೆ.

ಎಲ್ಲರಿಗೂ ಅರಮನೆಯನ್ನು ತೊರೆಯುವುದು ಸಾಧ್ಯವಿಲ್ಲ. ಆದುದರಿಂದಲೇ ಜಿನಧರ್ಮವು ಮುಂಜಾನೆಗೆ ರಾತ್ರಿಕ ಪ್ರತಿಕ್ರಮಣವನ್ನು ವಿಧಿಸಿದೆ. ಕನಸಿನಲ್ಲಿ ಸುಳಿದ ದೋಷವನ್ನೂ ಎದ್ದೊಡನೆ ನೆನೆದು, ಒಪ್ಪಿಕೊಂಡು, ಕೈಬಿಡುವ ಆಚರಣೆಯಿದು. ಬಳಲಿ ಎದ್ದ ಬೆಳಗು ತಾನು ಇನ್ನೂ ಏನನ್ನು ಬಿಗಿಯಾಗಿ ಹಿಡಿದಿದ್ದೇನೆ ಎಂಬುದನ್ನು ಸಾಧಕನಿಗೆ ತೋರಿಸಿಕೊಡುತ್ತದೆ. ಚಂದ್ರಗುಪ್ತನು ಅಂತಹ ಒಂದು ಬೆಳಗನ್ನು ವ್ಯರ್ಥವಾಗಲು ಬಿಡಲಿಲ್ಲ.