ಸೊಳ್ಳೆಗಳ ಲೆಕ್ಕ ಬರೆದ ಡಾಕ್ಟರ್

1883ರ ಬೆಂಗಳೂರು. ದಂಡು ಪ್ರದೇಶದ ಬಂಗಲೆಯೊಂದರಲ್ಲಿ ವಾಸವಿದ್ದ ಇಪ್ಪತ್ತಾರರ ಹರೆಯದ ಸೇನಾ ವೈದ್ಯರಿಗೆ ಬಂಗಲೆಯೇನೋ ಇಷ್ಟವಾಗಿತ್ತು, ಸೊಳ್ಳೆ ಕಾಟ ಮಾತ್ರ ತಡೆಯಲಾಗುತ್ತಿರಲಿಲ್ಲ. ಅಕ್ಕಪಕ್ಕದವರ ಕೋಣೆಗಳಿಗಿಂತ ತನ್ನ ಕೋಣೆಯಲ್ಲೇ ಏಕಿಷ್ಟು ಸೊಳ್ಳೆ ಎಂದು ಹುಡುಕಿದಾಗ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ ಕಂಡಿತು. ಒಳಗೆ ಮರಿಹುಳುಗಳು ಪಿತಗುಡುತ್ತಿದ್ದವು. ತೊಟ್ಟಿಯನ್ನು ಬೋರಲು ಹಾಕಿದರು. ಸೊಳ್ಳೆ ಕಡಿಮೆಯಾಯಿತು. ಉಳಿದ ಕಡೆಯೂ ಹೀಗೇ ಮಾಡೋಣವೆಂದು ಅಧಿಕಾರಿಗೆ ಹೇಳಿದರೆ, ಪ್ರಕೃತಿಯ ವ್ಯವಸ್ಥೆಯಲ್ಲಿ ಕೈ ಹಾಕಬಾರದು ಎಂಬ ಉತ್ತರ ಬಂತು.

ಆ ವೈದ್ಯರೇ ರೊನಾಲ್ಡ್ ರಾಸ್. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ಕಂಡುಹಿಡಿದವರು ಯಾರು ಎಂಬ ಒಂದು ಅಂಕದ ಪ್ರಶ್ನೆಗೆ ನಾವೆಲ್ಲ ಬರೆದ ಹೆಸರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇದರ ಜೊತೆ 1902, ನೊಬೆಲ್ ಎಂದು ಇನ್ನೊಂದು ಸಾಲು ಸೇರಿಸಿಕೊಂಡಿರುತ್ತಾರೆ. ನನಗೂ ಅಷ್ಟೇ ಗೊತ್ತಿತ್ತು. ಬಿಇ ಗಣಿತದಲ್ಲಿ ಡಿಫರೆನ್ಷಿಯಲ್ ಈಕ್ವೇಶನ್ ಓದುವಾಗ, ಇದೆಲ್ಲ ನಿಜವಾಗಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಹುಡುಕುತ್ತಾ ಹೋದವನಿಗೆ ಮತ್ತೆ ಎದುರಾದದ್ದು ಇದೇ ಹೆಸರು. ಆ ರಾಸ್ ಬೇರೆಯೇ ಮನುಷ್ಯ.

ಅವರು ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ತಂದೆ ಬ್ರಿಟಿಷ್ ಭಾರತದ ಸೇನೆಯಲ್ಲಿ ಜನರಲ್. ಹುಡುಗನಿಗೆ ಕವಿತೆ, ಸಂಗೀತ, ಚಿತ್ರಕಲೆಯ ಹುಚ್ಚು. ತಂದೆ ಮಾತ್ರ ಡಾಕ್ಟರೇ ಆಗಬೇಕೆಂದು ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಕಾಲೇಜಿಗೆ ಸೇರಿಸಿದರು. (ಈ ಕಥೆ ನಮ್ಮಲ್ಲಿ ಅನೇಕರ ಮನೆಯದೂ ಹೌದು, ಡಾಕ್ಟರ್ ಜಾಗದಲ್ಲಿ ಎಂಜಿನಿಯರ್ ಎಂದು ಓದಿಕೊಂಡರೆ ಸಾಕು.) ಓದಿನಲ್ಲಿ ಮನಸ್ಸಿರಲಿಲ್ಲ. ಅಗತ್ಯವಿದ್ದ ಎರಡು ಪರೀಕ್ಷೆಗಳಲ್ಲಿ ಒಂದರಲ್ಲಿ ನಪಾಸಾದರು, ಕೆಲಕಾಲ ಹಡಗಿನ ವೈದ್ಯರಾಗಿ ದುಡಿದರು, ಮತ್ತೆ ಕಟ್ಟಿ ಪಾಸಾಗಿ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು.

ಮದ್ರಾಸ್ ಪ್ರಾಂತ್ಯದ ಕೆಲಸದಲ್ಲಿ ಬಿಡುವು ಬೇಕಾದಷ್ಟಿತ್ತು. ಆ ಬಿಡುವಿನಲ್ಲಿ ರಾಸ್ ಗಣಿತದ ಪುಸ್ತಕ ತರಿಸಿಕೊಂಡು ತಾವೇ ಕಲಿಯಲು ಕುಳಿತರು. ಪರೀಕ್ಷೆಯಿಲ್ಲ, ಅಂಕವಿಲ್ಲ, ಹೇಳಿಕೊಡುವವರೂ ಇಲ್ಲ. ಕಾದಂಬರಿ ಬರೆಯುತ್ತಿದ್ದ ಕೈಯೇ ಸಮೀಕರಣಗಳನ್ನೂ ಬಿಡಿಸುತ್ತಿತ್ತು. ಈ ಗಣಿತ ಮುಂದೆ ರೋಗಿಗಳ ಪ್ರಾಣಕ್ಕೆ ಸಂಬಂಧಿಸಿದ್ದಾಗುತ್ತದೆ ಎಂದು ಆಗ ಅವರಿಗೂ ತಿಳಿದಿರಲಿಕ್ಕಿಲ್ಲ.

ಮುಂದಿನ ಭಾಗ ಎಲ್ಲರಿಗೂ ಗೊತ್ತಿರುವುದೇ, ಹಾಗಾಗಿ ಬೇಗ ಹೇಳಿಬಿಡುತ್ತೇನೆ. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರಿಗೆ ಮಲೇರಿಯಾದ ಪರೋಪಜೀವಿಯನ್ನು ತೋರಿಸಿ, ಸೊಳ್ಳೆಯ ಮೇಲೆ ತಮಗಿದ್ದ ಅನುಮಾನವನ್ನೂ ಹೇಳಿದರು. ರಾಸ್ ಸಿಕಂದರಾಬಾದಿಗೆ ಬಂದು ಸೊಳ್ಳೆಗಳನ್ನು ಸೀಳಿ ನೋಡಲು ತೊಡಗಿದರು. ನಡುವೆ ಕಾಲರಾ ಬಂತೆಂದು 1895ರಲ್ಲಿ ಸರ್ಕಾರ ಅವರನ್ನು ಮತ್ತೆ ಬೆಂಗಳೂರಿಗೆ ಅಟ್ಟಿತು. ಚರಂಡಿ, ಬಾವಿ, ನೈರ್ಮಲ್ಯದ ಕೆಲಸದಲ್ಲೇ ಬಹಳ ಕಾಲ ಹೋಯಿತು. ಊಟಿಯ ಬಳಿಯ ಸಿಗೂರು ಘಾಟಿಗೆ ಹೋದಾಗ ಅವರಿಗೇ ಮಲೇರಿಯಾ ತಗುಲಿತು. ಕೊನೆಗೆ ಸಿಕಂದರಾಬಾದಿನಲ್ಲಿ, ಹುಸೇನ್ ಖಾನ್ ಎಂಬ ರೋಗಿಯನ್ನು ಕಚ್ಚಿದ ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ, 1897ರ ಆಗಸ್ಟ್ 20ರಂದು ಪರೋಪಜೀವಿಯ ಗುರುತು ಕಂಡಿತು. ಕಚ್ಚಿಸಿಕೊಂಡ ಹುಸೇನ್ ಖಾನ್‌ಗೆ ಸೊಳ್ಳೆಗೊಂದಾಣೆ ಲೆಕ್ಕದಲ್ಲಿ ಸಂಭಾವನೆ. ಮರುವರ್ಷ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾ ಬಳಸಿ ಇಡೀ ಚಕ್ರವನ್ನು ಬಿಡಿಸಿ ತೋರಿಸಿದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಸೊಳ್ಳೆಯೇ ಕಾರಣವಾದರೆ ಸೊಳ್ಳೆಯನ್ನು ಕಡಿಮೆ ಮಾಡಿ, ಅಷ್ಟೆ. ಆದರೆ ಲಾಹೋರಿನ ಪಕ್ಕದ ಮಿಯಾನ್ ಮೀರ್ ದಂಡಿನಲ್ಲಿ ಸರ್ಕಾರ ಈ ಪ್ರಯೋಗ ಮಾಡಿ ಕೈ ಸುಟ್ಟುಕೊಂಡಿತು. ನೀರು ನಿಂತ ಕಡೆಯೆಲ್ಲ ಕೆಲಸ ಮಾಡಿದರೂ ಸೊಳ್ಳೆ ಹೆಚ್ಚೇನೂ ಇಳಿಯಲಿಲ್ಲ. ಒಂದು ಕಡೆ ತೆಗೆದರೆ ಪಕ್ಕದಿಂದ ಹಾರಿ ಬರುತ್ತವೆ, ಕೊನೆಯ ಸೊಳ್ಳೆಯವರೆಗೂ ಕೊಲ್ಲಲು ಸಾಧ್ಯವಿಲ್ಲ, ಸುಮ್ಮನೆ ಹಣ ದಂಡ ಎಂದು ದೊಡ್ಡ ದೊಡ್ಡ ವೈದ್ಯರೇ ಹೇಳತೊಡಗಿದರು. ಕೊಟ್ಟ ಹಣ ಕಡಿಮೆ, ಆರಿಸಿಕೊಂಡ ಜಾಗ ಚಿಕ್ಕದು ಎಂದು ರಾಸ್ ಕೂಗಾಡಿದರು. ಕೂಗಾಟದಿಂದ ವಾದ ಗೆಲ್ಲುವುದಿಲ್ಲ. ಆಗ ಹಳೆಯ ಗಣಿತ ಕೈಗೆ ಬಂತು.

ಮೊದಲ ಪ್ರಶ್ನೆ: ಸೊಳ್ಳೆ ಎಷ್ಟು ದೂರ ಹೋಗುತ್ತದೆ? ಅದಕ್ಕೆ ಗುರಿಯಿಲ್ಲ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಹೀಗೆ ದಿಕ್ಕಿಲ್ಲದೆ ಅಲೆಯುವ ಜೀವಿ ನೂರು ಹೆಜ್ಜೆ ಹಾಕಿದರೂ ಹೊರಟ ಜಾಗದಿಂದ ಸರಾಸರಿ ಸುಮಾರು ಹತ್ತು ಹೆಜ್ಜೆಯಷ್ಟೇ ದೂರ ಇರುತ್ತದೆ. ಅಂದರೆ ಹುಟ್ಟಿದ ಹೊಂಡದ ಸುತ್ತಮುತ್ತಲೇ ಬಹುಪಾಲು ಸೊಳ್ಳೆಗಳ ಬದುಕು. ಸಾಕಷ್ಟು ದೊಡ್ಡ ಪ್ರದೇಶವನ್ನು ಶುಚಿ ಮಾಡಿದರೆ ಅಂಚಿನಲ್ಲಿ ಸೊಳ್ಳೆ ನುಗ್ಗಿದರೂ ನಡುಭಾಗ ಉಳಿಯುತ್ತದೆ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಸಮ್ಮೇಳನದಲ್ಲಿ ರಾಸ್ ಇದನ್ನು ಮಂಡಿಸಿದರು. ಪೂರ್ತಿ ಲೆಕ್ಕ ತಮ್ಮಿಂದಾಗದೆ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಅವರ ಮೊರೆ ಹೋದರು. ಪಿಯರ್ಸನ್ 1905ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಬಗೆಯ ಪ್ರಶ್ನೆ ಕೇಳಿದಾಗ ಬಳಸಿದ ಹೆಸರೇ ‘ರ‍್ಯಾಂಡಮ್ ವಾಕ್’. ಷೇರು ಮಾರುಕಟ್ಟೆಯಿಂದ ಹಿಡಿದು ಸಿಗ್ನಲ್ ಪ್ರಾಸೆಸಿಂಗ್‌ವರೆಗೆ ಇಂದು ಕೇಳುವ ಆ ಪದದ ಬೆನ್ನಿಗೆ ಒಂದು ಸೊಳ್ಳೆ ಇದೆ!

ಎರಡನೆಯ ಪ್ರಶ್ನೆ ಇನ್ನೂ ದೊಡ್ಡದು. ಎಷ್ಟು ಕಡಿಮೆ ಮಾಡಿದರೆ ಸಾಕು? 1907ರ ಕೊನೆಯಲ್ಲಿ ಮಲೇರಿಯಾದಿಂದ ನಲುಗಿದ್ದ ಮಾರಿಷಸ್ ದ್ವೀಪಕ್ಕೆ ರಾಸ್ ಹೋದರು. ಮಲೇರಿಯಾ ಪದೇ ಪದೇ ಬಂದ ಮಕ್ಕಳಲ್ಲಿ ಗುಲ್ಮ ಊದಿರುತ್ತದೆ. ಅದು ಹೊಟ್ಟೆ ಒತ್ತಿದರೆ ಕೈಗೆ ಸಿಗುತ್ತದೆ. ಲ್ಯಾಬ್ ಇಲ್ಲದ ಊರಲ್ಲೂ ಎಷ್ಟು ಮಕ್ಕಳಿಗೆ ಹೀಗಿದೆ ಎಂದು ಎಣಿಸಿದರೆ ರೋಗದ ಪ್ರಮಾಣ ತಿಳಿಯಿತು. ದ್ವೀಪದ ಸಾವಿರಾರು ಮಕ್ಕಳನ್ನು ಹೀಗೆ ಪರೀಕ್ಷಿಸಲಾಯಿತು. ಡೇಟಾ ಸಂಗ್ರಹ ಎಂದರೆ ಕಂಪ್ಯೂಟರ್ ಎಂದುಕೊಂಡಿದ್ದ ನನಗೆ ಇದು ಖುಷಿ ಕೊಟ್ಟ ವಿವರ.

ಆಮೇಲೆ ಅವರು ಹಾಕಿದ ಲೆಕ್ಕವನ್ನು ನೀವೂ ಕಾಗದದ ಮೇಲೆ ಹಾಕಿ ನೋಡಿ. ಒಂದು ಊರು, 1000 ಜನ, ಒಬ್ಬರಿಗೆ ಮಲೇರಿಯಾ. ತಿಂಗಳಿಗೆ 48,000 ಅನಾಫಿಲಿಸ್ ಸೊಳ್ಳೆ ಹುಟ್ಟುತ್ತವೆ ಎನ್ನೋಣ. ನಾಲ್ಕರಲ್ಲಿ ಒಂದಕ್ಕೆ ಮಾತ್ರ ಮನುಷ್ಯನನ್ನು ಕಚ್ಚುವ ಅವಕಾಶ, ಅಂದರೆ 12,000. ಸಾವಿರ ಜನರಲ್ಲಿ ಆ ಒಬ್ಬ ರೋಗಿಯನ್ನು ಕಚ್ಚುವುದು 12. ಪರೋಪಜೀವಿ ಬಲಿಯುವಷ್ಟು ದಿನ ಬದುಕುವುದು ಮೂರರಲ್ಲಿ ಒಂದು, ಉಳಿದದ್ದು 4. ಅವುಗಳಲ್ಲಿ ಮತ್ತೆ ಮನುಷ್ಯನನ್ನು ಕಚ್ಚುವುದು ನಾಲ್ಕರಲ್ಲಿ ಒಂದು. 48,000ದಿಂದ ಹೊರಟು ಉಳಿದದ್ದು ಒಂದೇ ಸೊಳ್ಳೆ, ಒಬ್ಬ ಹೊಸ ರೋಗಿ!

ಇನ್ನೆರಡು ಅಂಶ ಸೇರಿಸಿದರು. ಸೋಂಕಿತರಲ್ಲಿ ನಾಲ್ಕನೇ ಒಂದು ಭಾಗದ ಜನರಿಂದಷ್ಟೇ ಸೊಳ್ಳೆಗೆ ರೋಗ ಅಂಟುತ್ತದೆ, ತಿಂಗಳಿಗೆ ಐದನೇ ಒಂದು ಭಾಗ ಸೋಂಕಿತರು ವಾಸಿಯಾಗುತ್ತಾರೆ. ವಾಸಿಯಾದಷ್ಟೇ ಜನಕ್ಕೆ ಹೊಸದಾಗಿ ರೋಗ ಬಂದರೆ ಮಾತ್ರ ಮಲೇರಿಯಾ ಊರಲ್ಲಿ ನಿಲ್ಲುತ್ತದೆ. 4×4×3×4 ಎಂದರೆ 192, ಅದರ ಐದನೇ ಒಂದು ಭಾಗ 38.4. ಹತ್ತಿರ ಹತ್ತಿರ 40. ತಿಂಗಳಿಗೆ ತಲೆಗೆ 40 ಸೊಳ್ಳೆಗಿಂತ ಕೆಳಗೆ ಇಳಿಸಿದರೆ ಮಲೇರಿಯಾ ತಾನಾಗಿಯೇ ಕ್ಷೀಣಿಸುತ್ತಾ ಹೋಗುತ್ತದೆ. ಕೊನೆಯ ಸೊಳ್ಳೆಯನ್ನು ಕೊಲ್ಲುವ ಅಗತ್ಯವೇ ಇಲ್ಲ. ಈ ಭಿನ್ನರಾಶಿಗಳೆಲ್ಲ ಅಂದಾಜಿನವು. ಆದರೆ ಮಿಯಾನ್ ಮೀರ್ ತೋರಿಸಿ ಕೈಚೆಲ್ಲಿದ್ದವರಿಗೆ ಉತ್ತರ ಇದ್ದದ್ದು 40 ಎಂಬ ಅಂಕಿಯಲ್ಲಲ್ಲ, ಹಾಗೊಂದು ಮಿತಿ ಇದೆ ಎಂಬುದರಲ್ಲಿ. ಮೂರೇ ವರ್ಷದಲ್ಲಿ, 1911ರ ಹೊತ್ತಿಗೆ, ರಾಸ್ ಇದನ್ನು ಮನುಷ್ಯರಿಗೊಂದು, ಸೊಳ್ಳೆಗಳಿಗೊಂದು ಎಂದು ಜೋಡಿ ಡಿಫರೆನ್ಷಿಯಲ್ ಈಕ್ವೇಶನ್‌ಗಳಾಗಿ ಬರೆದರು. ನಾನು ಹುಡುಕುತ್ತಾ ಬಂದು ತಲುಪಿದ್ದು ಅವುಗಳ ಹತ್ತಿರವೇ.

ರಾಸ್ ಸುಲಭದ ಮನುಷ್ಯರಾಗಿರಲಿಲ್ಲ. ಮನುಷ್ಯರ ಮಲೇರಿಯಾ ಅನಾಫಿಲಿಸ್‌ನಿಂದಲೇ ಎಂದು ಸಾಧಿಸಿದ ಇಟಲಿಯ ಗ್ರಾಸ್ಸಿ ಅವರೊಂದಿಗೆ ಜೀವನವಿಡೀ ಜಗಳ. ದಾರಿ ತೋರಿದ ಮ್ಯಾನ್ಸನ್ ಅವರೊಂದಿಗೂ ಮನಸ್ತಾಪ. ಗ್ರಾಸ್ಸಿಗೆ ಸಲ್ಲಬೇಕಾದ ಗೌರವವನ್ನು ಕೊಡಲಿಲ್ಲ ಎಂದೇ ನನಗನ್ನಿಸುತ್ತದೆ. ತಮ್ಮ ಶೋಧಕ್ಕೆ ಪ್ರತಿಫಲ ಕೊಡಿ ಎಂದು ಸರ್ಕಾರಕ್ಕೆ ಅರ್ಜಿ ಹಾಕಿ ಸೋತರು. 1914ರಲ್ಲಿ ಹಿರಿಯ ಮಗ ಯುದ್ಧದಲ್ಲಿ ಸತ್ತ. ಇಳಿವಯಸ್ಸಿನಲ್ಲಿ ಹಣಕ್ಕಾಗಿ ತಮ್ಮ ಕಾಗದಪತ್ರಗಳನ್ನೇ ಮಾರಬೇಕಾಯಿತು.

ಆದರೂ ಲೆಕ್ಕ ಬಿಡಲಿಲ್ಲ. ಹಿಲ್ಡಾ ಹಡ್ಸನ್ ಎಂಬ ಗಣಿತಜ್ಞೆಯ ಜೊತೆ ಸೇರಿ 1917ರಲ್ಲಿ, ಯಾವುದೇ ಸಾಂಕ್ರಾಮಿಕಕ್ಕೂ ಒಗ್ಗುವ ಸಮೀಕರಣಗಳ ಪ್ರಬಂಧಗಳನ್ನು ಪ್ರಕಟಿಸಿದರು. 1901ರಲ್ಲಿ ಅವರೊಂದಿಗೆ ಸಿಯೆರಾ ಲಿಯೋನ್‌ಗೆ ಹೋಗಿದ್ದ ಕಿರಿಯ ವೈದ್ಯ ಮೆಕೆಂಡ್ರಿಕ್ ಅವರಿಗೂ ಈ ಗಣಿತದ ಗೀಳು ಅಂಟಿತು. 1927ರಲ್ಲಿ ಕೆರ್ಮ್ಯಾಕ್ ಜೊತೆ ಅವರು ಬರೆದ ಪ್ರಬಂಧದಲ್ಲಿ ಮುಂಬೈನ ಪ್ಲೇಗ್ ಸಾವುಗಳ ಅಂಕಿಅಂಶವನ್ನೇ ಬಳಸಿದ್ದರು. ಕೋವಿಡ್ ಕಾಲದಲ್ಲಿ ಟಿವಿಯಲ್ಲಿ ನಾವು ನೋಡಿದ ಏರಿಳಿಯುವ ಗೆರೆಗಳ ಮೂಲ ಅಲ್ಲಿದೆ. ನೊಬೆಲ್ ತಂದುಕೊಟ್ಟ ಶೋಧಕ್ಕಿಂತ ಸಾಂಕ್ರಾಮಿಕಗಳ ಈ ನಿಯಮಗಳೇ ತಮ್ಮ ಮುಖ್ಯ ಕೆಲಸ ಎಂಬುದು ರಾಸ್ ಅವರ ಎಣಿಕೆಯಾಗಿತ್ತು. ಆಗ ಅದನ್ನು ಒಪ್ಪಿದವರು ಕಡಿಮೆ.

1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ರಾಸ್ ತೀರಿಕೊಂಡರು. ಎರಡು ದಶಕದ ನಂತರ ಜಾರ್ಜ್ ಮ್ಯಾಕ್‌ಡೊನಾಲ್ಡ್ ಎಂಬ ವಿಜ್ಞಾನಿ ಅದೇ ಲೆಕ್ಕವನ್ನು ಮತ್ತೆ ತೆರೆದು, ಸೊಳ್ಳೆಗಳ ಸಂಖ್ಯೆಗಿಂತ ಅವುಗಳ ಆಯಸ್ಸನ್ನು ತುಸು ಕಡಿಮೆ ಮಾಡಿದರೆ ಪರಿಣಾಮ ಹೆಚ್ಚು ಎಂದು ತೋರಿಸಿದರು. ಮನೆಯ ಗೋಡೆಗಳಿಗೆ ಡಿಡಿಟಿ ಹೊಡೆದರೆ ಮಲೇರಿಯಾ ಏಕೆ ಅಷ್ಟು ಬೇಗ ಇಳಿಯುತ್ತದೆ ಎಂಬುದಕ್ಕೆ ವಿವರಣೆ ಸಿಕ್ಕಿದ್ದು, ರಾಸ್ ಅಂದಾಜಿನಲ್ಲಿ ಹಾಕಿಕೊಂಡಿದ್ದ ಆ ಮೂರನೇ ಒಂದು ಭಾಗದಲ್ಲಿ.