ಒಬ್ಬ ಗುರು, ಮೂರು ದನಿ: ಕುಂದಗೋಳದ ಸವಾಯಿ ಗಂಧರ್ವರನ್ನ ಅಳೆಯೋದು ಹೆಂಗ?

ರಾಕ್ ಗಿಟಾರ್ ಕೇಳುವ ಹುಡುಗರ ಯಾವ ಹಾಸ್ಟೆಲ್ ರೂಮಿಗೆ ಹೋದರೂ ಒಂದು ಜಗಳ ಗ್ಯಾರಂಟಿ. ಎರಿಕ್ ಕ್ಲ್ಯಾಪ್ಟನ್ ದೊಡ್ಡವನೋ, ಜೆಫ್ ಬೆಕ್ ದೊಡ್ಡವನೋ, ಜಿಮ್ಮಿ ಪೇಜ್ ದೊಡ್ಡವನೋ? ಇಂಜಿನಿಯರಿಂಗ್ ಓದುವಾಗ ಸರ್ಕ್ಯೂಟ್ ಥಿಯರಿಗಿಂತ ಹೆಚ್ಚು ಹೊತ್ತನ್ನ ನಾನು ಈ ಜಗಳಕ್ಕೇ ಕೊಟ್ಟಿದ್ದೇನೆ. ಮಜಾ ಏನಂದ್ರೆ, ಮೂವರೂ ಹಾದು ಬಂದದ್ದು ಒಂದೇ ಬ್ಯಾಂಡನ್ನು. 1963ರಿಂದ 1968ರ ನಡುವೆ ಯಾರ್ಡ್‌ಬರ್ಡ್ಸ್ ಎಂಬ ಇಂಗ್ಲಿಷ್ ತಂಡದಲ್ಲಿ ಒಬ್ಬರಾದ ಮೇಲೆ ಒಬ್ಬರು ಗಿಟಾರ್ ಹಿಡಿದರು. ಬ್ಯಾಂಡ್ ಪಾಪ್ ಹಾಡಿನ ಕಡೆ ವಾಲಿತೆಂದು ಕ್ಲ್ಯಾಪ್ಟನ್ ಬಿಟ್ಟು ಹೋದ, ಅವನಿಗೆ ಬ್ಲೂಸ್ ಬೇಕಿತ್ತು. ಬೆಕ್ ಆಂಪ್ಲಿಫೈಯರ್‌ನ ಕಿರುಚಾಟವನ್ನೇ ಸಂಗೀತ ಮಾಡಿದ. ಪೇಜ್ ಲೆಡ್ ಜೆಪೆಲಿನ್ ಕಟ್ಟಿ, ಸ್ಟುಡಿಯೋದಲ್ಲಿ ಗಿಟಾರಿನ ಮೇಲೆ ಗಿಟಾರ್ ಪೇರಿಸಿದ.

ಒಂದೇ ಬೇರಿನಿಂದ ಇಷ್ಟು ಬೇರೆ ಬೇರೆ ದನಿ ಹುಟ್ಟೋದು ಹೆಂಗ ಅನ್ನೋ ಪ್ರಶ್ನೆಗೆ ಲಂಡನ್ನಿಗೆ ಹೋಗಬೇಕಿಲ್ಲ. ಕಲಘಟಗಿಯಿಂದ ಹುಬ್ಬಳ್ಳಿ ದಾಟಿ ಆಚೆ ಹೋದರೆ ಸಾಕು, ಕುಂದಗೋಳ ಸಿಗುತ್ತದೆ. ಅಲ್ಲಿನ ರಾಮಭಾವು ಕುಂದಗೋಳಕರ, ಅಂದ್ರೆ ಸವಾಯಿ ಗಂಧರ್ವರು, ಯಾರ್ಡ್‌ಬರ್ಡ್ಸ್ ಹುಟ್ಟುವುದಕ್ಕಿಂತ ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ಅವರ ಶಿಷ್ಯರಲ್ಲಿ ಮೂವರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಫಿರೋಜ್ ದಸ್ತೂರ್. ಕಣ್ಣು ಮುಚ್ಚಿಕೊಂಡು ಕೇಳಿದರೂ ಈ ಮೂವರಲ್ಲಿ ಯಾರು ಹಾಡ್ತಿದ್ದಾರೆ ಅಂತ ಗೊತ್ತಾಗುತ್ತದೆ.

ಜಮಖಂಡಿ ಸಂಸ್ಥಾನದ ಹುಡುಗ

ರಾಮಭಾವು ಹುಟ್ಟಿದ್ದು 1886ರ ಜನವರಿ 19ರಂದು. ಕುಂದಗೋಳ ಆಗ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿರಲಿಲ್ಲ. ಸುತ್ತ ಬ್ರಿಟಿಷ್ ನೆಲ, ನಡುವೆ ಜಮಖಂಡಿ ಸಂಸ್ಥಾನದ ಒಂದು ತುಂಡು. ತಂದೆ ಗಣೇಶ ಸಂಶಿ ಊರಿನ ನಾಡಿಗೇರ ಮನೆತನದಲ್ಲಿ ಕಾರಕೂನಿಕೆ ಮಾಡುತ್ತಿದ್ದರು. ಮಗ ಓದಲಿ ಅಂತ ಹುಬ್ಬಳ್ಳಿ ಶಾಲೆಗೆ ಹಾಕಿದರು, ಓದು ಹತ್ತಲಿಲ್ಲ. ಹಾಡು ಹತ್ತಿತು. ಬಳವಂತರಾವ್ ಕೊಲ್ಹಟಕರ ಎಂಬ ಗಾಯಕರ ಹತ್ತಿರ ಧ್ರುಪದ, ತರಾನಾಗಳ ಮೊದಲ ಪಾಠ ಆಯಿತು. ಅವರು ಬೇಗ ತೀರಿಕೊಂಡರು.

ಆಗ ನಾಡಿಗೇರ ವಾಡೆಗೆ ಬಂದವರು ಅಬ್ದುಲ್ ಕರೀಂ ಖಾನ್. ಉತ್ತರ ಪ್ರದೇಶದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿ, ಕೊನೆಗೆ ಮಿರಜಿನಲ್ಲಿ ನೆಲೆಸಿದ ಗಾಯಕ. ಮೈಸೂರು ದರಬಾರಿನಲ್ಲಿ ಹಾಡಿದವರು, ಕರ್ನಾಟಕಿ ಸಂಗೀತವನ್ನ ಕಿವಿಗೊಟ್ಟು ಕೇಳಿ, ಅದರ ಸರಗಮ್ ರೀತಿಯನ್ನ ತಮ್ಮ ಖಯಾಲಿಗೆ ತಂದವರು. ಕಿರಾಣಾ ಘರಾಣೆ ನಮ್ಮ ಸೀಮೆಯಲ್ಲಿ ಬೇರು ಬಿಟ್ಟದ್ದು ಮುಖ್ಯವಾಗಿ ಇವರಿಂದ. ಹುಡುಗನ ದನಿ ಕೇಳಿ ಖಾನ್ ಸಾಹೇಬರು ಶಿಷ್ಯನನ್ನಾಗಿ ಮಾಡಿಕೊಂಡರು. ವರ್ಷಗಟ್ಟಲೆ ಜೊತೆಗಿದ್ದು ಕಲಿಯಬೇಕು ಅನ್ನೋದು ಕರಾರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಬ್ರಾಹ್ಮಣ ಮನೆತನದ ಹುಡುಗ, ಮುಸ್ಲಿಂ ಗುರು, ಇಪ್ಪತ್ತನೇ ಶತಮಾನದ ಹೊಸ್ತಿಲು. ಇದನ್ನ ಸೌಹಾರ್ದದ ಪೋಸ್ಟರ್ ಮಾಡೋದು ಸುಲಭ. ವಾಸ್ತವ ಇನ್ನೂ ಸರಳ ಇತ್ತು. ಆ ಹುಡುಗನಿಗೆ ಬೇಕಾಗಿದ್ದ ವಿದ್ಯೆ ಖಾನ್ ಸಾಹೇಬರ ಹತ್ತಿರ ಇತ್ತು, ಹೋಗಿ ಕಲಿತ. ಹಿಂದೂಸ್ತಾನಿ ಸಂಗೀತಕ್ಕೆ ಇವತ್ತು ಧರ್ಮದ ಚೀಟಿ ಅಂಟಿಸೋಕೆ ಹೊರಟವರು ಕುಂದಗೋಳದ ಈ ಅಧ್ಯಾಯ ಹೆಂಗ ಓದ್ತಾರೋ ನೋಡಬೇಕು.

ಸೀರೆ ಉಟ್ಟ ಗಂಧರ್ವ

ಕಲಿಕೆ ಮುಗಿಸಿದ ರಾಮಭಾವು ಗುರುವಿಗೆ ಹಿಡಿಸದ ಕೆಲಸ ಮಾಡಿದರು. ಮರಾಠಿ ನಾಟಕ ಕಂಪನಿ ಸೇರಿದರು. ಹೊಟ್ಟೆಪಾಡು ಇತ್ತು, ರಂಗದ ಸೆಳೆತವೂ ಇತ್ತು. ಅದು ಬಾಲಗಂಧರ್ವರ ಕಾಲ, ಹೆಣ್ಣಿನ ಪಾತ್ರವನ್ನ ಗಂಡಸರೇ ಮಾಡುತ್ತಿದ್ದ ಕಾಲ. ರಾಮಭಾವು ಸ್ತ್ರೀಪಾತ್ರಗಳಲ್ಲಿ ಹಾಡಿ ಎಷ್ಟು ಹೆಸರು ಮಾಡಿದರೆಂದರೆ, ಸವಾಯಿ ಗಂಧರ್ವ ಎಂಬ ಬಿರುದೇ ಹೆಸರಾಗಿ ನಿಂತಿತು. ಸವಾಯಿ ಅಂದ್ರೆ ಒಂದೂಕಾಲು. ಗಂಧರ್ವನಿಗಿಂತ ಕಾಲುಪಾಲು ಹೆಚ್ಚು.

ಅವರ ದನಿ ಹುಟ್ಟಿನಿಂದ ಜೇನಿನಂಥದ್ದಲ್ಲ. ಗಂಟಲು ಒಡೆದ ಮೇಲೆ ಅದು ಮಾತು ಕೇಳದ ಹೋರಿಯಂಗ ಆಗಿತ್ತು. ಕಚೇರಿಯಲ್ಲೂ ಕಾವೇರಲು ಹೊತ್ತು ಹಿಡಿಯುತ್ತಿತ್ತು. ಅದನ್ನ ರಿಯಾಜಿನಿಂದ ಪಳಗಿಸಿದರು. ಗುರುವಿನ ದಾರಿ ಸ್ವರವನ್ನ ಒಂದೊಂದಾಗಿ, ಎಳೆ ಬಿಡಿಸಿದಂತೆ ಬಿಡಿಸುವುದು. ಶಿಷ್ಯ ಆ ನಿಧಾನ ಉಳಿಸಿಕೊಂಡು, ಅದಕ್ಕೆ ತಾನುಗಳ ಕಸುವನ್ನೂ ರಂಗದಿಂದ ತಂದ ಭಾವದ ಏರಿಳಿತವನ್ನೂ ಕೂಡಿಸಿದರು. ಗುರುವಿನ ಪಡಿಯಚ್ಚಾಗಿ ಉಳಿಯಲಿಲ್ಲ ಅನ್ನೋದೇ ಮುಂದೆ ಅವರ ಶಿಷ್ಯರಿಗೆ ಸಿಕ್ಕ ದೊಡ್ಡ ಅನುಕೂಲ.

ಆದರೆ ಆ ಕಾಲದ ವಿಪರೀತವನ್ನೂ ಗಮನಿಸ್ರಿ. ಗಂಡಸು ಸೀರೆ ಉಟ್ಟು ಹೆಣ್ಣಿನ ದನಿಯಲ್ಲಿ ಹಾಡಿದರೆ ಗಂಧರ್ವ. ಹೆಣ್ಣುಮಗಳು ತನ್ನದೇ ದನಿಯಲ್ಲಿ ಹಾಡೋಕೆ ಹೊರಟರೆ ಬೀದಿಯಲ್ಲಿ ಗಾನೇವಾಲಿ ಅಂತ ಹೀಯಾಳಿಕೆ. ಆ ಹೀಯಾಳಿಕೆ ಕೇಳಿಕೊಂಡೇ ಪಾಠಕ್ಕೆ ನಡೆದವರು ಗಂಗೂಬಾಯಿ.

ರೈಲಿನಲ್ಲಿ ಬಂದವರು, ನೀರು ಹೊತ್ತವರು

ಧಾರವಾಡದ ಶುಕ್ರವಾರಪೇಟೆಯಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿಯವರದು ದೇವದಾಸಿ ಹಿನ್ನೆಲೆಯ ಮನೆತನ. ತಾಯಿ ಅಂಬಾಬಾಯಿ ಒಳ್ಳೆಯ ಕರ್ನಾಟಕಿ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡ ಬರಬಾರದು ಅಂತ ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ಘರಾಣೆಗಳ ಇತಿಹಾಸ ಬರೆಯುವವರು ಗುರುಗಳ ಹೆಸರು ಸಾಲಾಗಿ ಬರೀತಾರೆ. ಈ ತ್ಯಾಗಕ್ಕೆ ಆ ಸಾಲಿನಲ್ಲಿ ಜಾಗ ಸಿಕ್ಕಿಲ್ಲ.

ನಾಟಕದ ತಿರುಗಾಟ ಮುಗಿಸಿ ಸವಾಯಿ ಗಂಧರ್ವರು ಊರಿಗೆ ಮರಳಿದ ಮೇಲೆ, 1930ರ ದಶಕದ ಕೊನೆಯಲ್ಲಿ, ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಂಡು, ರಾತ್ರಿ ರೈಲಿಗೆ ವಾಪಸ್ ಹೋಗುತ್ತಿದ್ದರು. ಮನೆ, ಮಕ್ಕಳು, ಸಾಲ ಎಲ್ಲ ಹೆಗಲ ಮೇಲೆ. ಗುರುವಿನ ಮನೆಯಲ್ಲಿ ಉಳಿದು ಕಲಿಯುವ ಸೌಲಭ್ಯ ಅವರಿಗಿರಲಿಲ್ಲ.

ಅದೇ ಹೊತ್ತಿಗೆ ಆ ಮನೆಯಲ್ಲೇ ಉಳಿದು ಕಲಿಯುತ್ತಿದ್ದವರು ಭೀಮಸೇನ. ಗದಗ ಸೀಮೆಯ ಹುಡುಗ, ಅಬ್ದುಲ್ ಕರೀಂ ಖಾನರ ಒಂದು ಗ್ರಾಮೊಫೋನ್ ತಟ್ಟೆ ಕೇಳಿ ಹುಚ್ಚು ಹಿಡಿದು, 1933ರಲ್ಲಿ ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ಓಡಿದವರು. ಗ್ವಾಲಿಯರ್, ಜಲಂಧರ ಅಂತ ಉತ್ತರ ಭಾರತವೆಲ್ಲ ಗುರು ಹುಡುಕಿ, ಕೊನೆಗೆ ತಮ್ಮೂರಿನ ಹತ್ತಿರದ ಕುಂದಗೋಳಕ್ಕೇ ಬಂದರು. 1936ರಿಂದ ಸುಮಾರು ನಾಲ್ಕು ವರ್ಷ ನೀರು ಹೊತ್ತು, ಮನೆಗೆಲಸ ಮಾಡಿ ಕಲಿತರು. ಇದನ್ನ ಗುರುಭಕ್ತಿ ಅಂತ ಹೊಗಳೋ ಮೊದಲು, ದುಡಿಮೆಯೇ ಆ ಕಾಲದ ಫೀ ಆಗಿತ್ತು ಅನ್ನೋದನ್ನೂ ಹೇಳಬೇಕು.

ಮೂರನೆಯವರು ಮುಂಬೈನ ಪಾರ್ಸಿ ಫಿರೋಜ್ ದಸ್ತೂರ್. 1933ರ ಲಾಲ್-ಎ-ಯಮನ್ ಸಿನಿಮಾದಲ್ಲಿ ಬಾಲನಟನಾಗಿ ಹಾಡಿ ಹೆಸರು ಮಾಡಿದವರು, ಆಮೇಲೆ ಸಿನಿಮಾ ಬಿಟ್ಟು ಖಯಾಲಿಗೆ ಬಂದವರು.

ಈಗ ಶೈಲಿ ಹೋಲಿಸೋಣ. ದಸ್ತೂರ್ ಅಜ್ಜಗುರುವಿನ ಮೆದು ದಾರಿಗೆ ಹತ್ತಿರ ಉಳಿದರು. ಕೇಳಿದರೆ ಅಬ್ದುಲ್ ಕರೀಂ ಖಾನರ ನೆರಳು ಕಾಣುತ್ತದೆ. ಭೀಮಸೇನರದು ಸಿಡಿಲು. ಉಸಿರಿನ ಉದ್ದ, ತಾನಿನ ವೇಗ, ಬೇರೆ ಘರಾಣೆಗಳಿಂದ ಎತ್ತಿಕೊಂಡ ಬಣ್ಣ, ಜೊತೆಗೆ ಮರಾಠಿ ಅಭಂಗ, ಕನ್ನಡ ದಾಸರ ಪದ. ಕಚೇರಿಗೆ ಕಾಲಿಡದ ಮಂದಿಯನ್ನೂ ಅವರು ಮುಟ್ಟಿದರು. ಗಂಗೂಬಾಯಿ ಠುಮ್ರಿ ಬಿಟ್ಟು, ಖಯಾಲೊಂದನ್ನೇ ಹಿಡಿದು, ಬೇಡದ್ದನ್ನೆಲ್ಲ ಕಳೆದು ಹಾಡಿದರು.

ಅವರ ದನಿಯ ಕಥೆ ರಾಕ್ ಕೇಳುವವರಿಗೆ ಕೂಡಲೇ ಅರ್ಥ ಆಗುತ್ತದೆ. ಬ್ಲ್ಯಾಕ್ ಸಬ್ಬತ್‌ನ ಟೋನಿ ಐಯೋಮಿ 17ನೇ ವಯಸ್ಸಿಗೆ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳ ತುದಿ ಕಳೆದುಕೊಂಡ. ಬೆರಳಿಗೆ ಟೋಪಿ ಮಾಡಿಕೊಂಡ, ತಂತಿ ಸಡಿಲಿಸಿದ. ಹೆವಿ ಮೆಟಲ್‌ನ ಆ ಭಾರದ ನಾದದಲ್ಲಿ ಆ ಗಾಯದ ಪಾಲಿದೆ. ಗಂಗೂಬಾಯಿಯವರಿಗೆ ಟಾನ್ಸಿಲ್ ಆಪರೇಷನ್ ಆದ ಮೇಲೆ ತೆಳುವಾಗಿದ್ದ ದನಿ ದಪ್ಪಗಾಯಿತು, ಗಂಡಸಿನ ದನಿಯಷ್ಟು ಕೆಳಗಿಳಿಯಿತು. ಹೆಣ್ಣಿನ ಹಾಡು ಇಂಪಾಗಿಯೇ ಇರಬೇಕು ಅನ್ನೋ ನಿರೀಕ್ಷೆಯನ್ನೇ ಅವರು ಆ ದನಿಯಿಂದ ಒಡೆದರು.

ಯಾರ ಹೆಸರು ಉಳೀತು?

1940ರ ದಶಕದ ಆರಂಭದಲ್ಲಿ ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ಹೊಡೆಯಿತು. ಕಚೇರಿ ನಿಂತಿತು, ಪಾಠ ನಿಲ್ಲಲಿಲ್ಲ. 1946ರಲ್ಲಿ ಪುಣೆಯಲ್ಲಿ ನಡೆದ ಅವರ ಷಷ್ಟ್ಯಬ್ದಿಯಲ್ಲಿ ಭೀಮಸೇನರು ಹಾಡಿದ ಹಾಡೇ ಶಿಷ್ಯನನ್ನ ಮಂದಿಯ ಮುಂದೆ ತಂದು ನಿಲ್ಲಿಸಿತು. 1952ರ ಸೆಪ್ಟೆಂಬರ್ 12ರಂದು ಗುರು ತೀರಿಕೊಂಡರು. ಉಳಿದಿರುವುದು ಬದಿಗೆ ಮೂರ್ನಾಲ್ಕು ನಿಮಿಷದ ಕೆಲವು 78 ಆರ್‌ಪಿಎಂ ತಟ್ಟೆಗಳು. ತಾಸುಗಟ್ಟಲೆ ಹರಡುತ್ತಿದ್ದ ಗಾಯನವನ್ನ ಅವುಗಳಿಂದ ಅಳೆಯೋಕಾಗಲ್ಲ. ಶಿಷ್ಯರಿಂದ ಅಳೆಯಬಹುದು.

ಗಿಟಾರ್ ಜಗತ್ತಿನ ಪಟ್ಟಿಗಳು ವೇಗ, ಸೋಲೋ, ಮಾರಾಟ ಅಳೀತಾವೆ. ಆದರೆ ಕರಿಯರ ಬ್ಲೂಸ್‌ನಿಂದ ಬೆಳೆದ ಕ್ಲ್ಯಾಪ್ಟನ್ 1976ರಲ್ಲಿ ಬರ್ಮಿಂಗ್‌ಹ್ಯಾಮ್ ವೇದಿಕೆಯ ಮೇಲೆ ವಲಸಿಗರ ವಿರುದ್ಧ ಕಾರಿಕೊಂಡ. ಅದಕ್ಕೆ ಉತ್ತರವಾಗಿ ಹುಟ್ಟಿದ್ದೇ ರಾಕ್ ಅಗೇನ್‌ಸ್ಟ್ ರೇಸಿಸಂ ಚಳವಳಿ. ಲೆಡ್ ಜೆಪೆಲಿನ್‌ನ ಹೋಲ್ ಲಾಟಾ ಲವ್ ಹಾಡಿಗೆ ಕರಿಯ ಗೀತರಚನೆಕಾರ ವಿಲ್ಲಿ ಡಿಕ್ಸನ್ ಕೋರ್ಟಿಗೆ ಹೋಗಬೇಕಾಯಿತು, 1987ರಲ್ಲಿ ರಾಜಿಯಾದ ಮೇಲಷ್ಟೇ ಅವನ ಹೆಸರು ಸೇರಿತು. ಕೈಚಳಕ ಸುಳ್ಳಲ್ಲ. ಆದರೆ ಎಲ್ಲಿಂದ ಪಡೆದೆ, ಯಾರಿಗೆ ದಾರಿ ಬಿಟ್ಟೆ ಅನ್ನೋದು ಪರಂಪರೆಯ ಲೆಕ್ಕಕ್ಕೆ ಬರಲೇಬೇಕು.

ಆ ಲೆಕ್ಕದಲ್ಲಿ ಸವಾಯಿ ಗಂಧರ್ವರು ಭಾಳ ದೊಡ್ಡವರು. ಮುಸ್ಲಿಂ ಗುರುವಿನಿಂದ ಪಡೆದದ್ದನ್ನ ದೇವದಾಸಿ ಹಿನ್ನೆಲೆಯ ಮಹಿಳೆಗೆ, ಮನೆ ಬಿಟ್ಟು ಓಡಿಬಂದ ಹುಡುಗನಿಗೆ, ಪಾರ್ಸಿ ನಟನಿಗೆ ಕೊಟ್ಟರು. ಯಾರನ್ನೂ ತಮ್ಮ ಅಚ್ಚಿಗೆ ಹಾಕಲಿಲ್ಲ. ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ, ಭೀಮಸೇನರಿಗೆ 2008ರಲ್ಲಿ ಭಾರತರತ್ನ ಬಂತು.

ನಾವು ಆ ಪರಂಪರೆಯನ್ನ ಏನು ಮಾಡಿದ್ವಿ ಅನ್ನೋದು ಬೇರೆ ಮಾತು. ಗುರುವಿನ ಹೆಸರಿನ ದೊಡ್ಡ ಉತ್ಸವ 1953ರಿಂದ ನಡೀತಿರೋದು ಪುಣೆಯಲ್ಲಿ, ಭೀಮಸೇನರು ಕಟ್ಟಿ ಬೆಳೆಸಿದ್ದು. ಗಂಗೂಬಾಯಿ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇರೋದು ಮೈಸೂರಿನಲ್ಲಿ. ಕುಂದಗೋಳದ ನಾಡಿಗೇರ ವಾಡೆಯಲ್ಲೂ ಪುಣ್ಯತಿಥಿಯ ಸಂಗೀತೋತ್ಸವ ನಡೆಯುತ್ತದೆ, ಹಳ್ಳಿ ಮಂದಿ ನೆಲದ ಮೇಲೆ ಕುಂತು ರಾತ್ರಿಯಿಡೀ ಕೇಳ್ತಾರೆ. ಇವತ್ತು ನವಲಗುಂದ, ಅಣ್ಣಿಗೇರಿ, ಕಲಘಟಗಿಯ ಒಬ್ಬ ಬಡ ಹುಡುಗಿಗೆ ಖಯಾಲೋ ಗಿಟಾರೋ ಕಲೀಬೇಕು ಅನ್ನಿಸಿದರೆ, ಸರ್ಕಾರಿ ಶಾಲೆಯಲ್ಲಿ ಕಲಿಸೋ ಮೇಷ್ಟ್ರು ಇದ್ದಾರಾ, ಪಾಠ ಮುಗಿಸಿ ರಾತ್ರಿ ಮನೆಗೆ ಹೋಗೋಕೆ ಬಸ್ ಇದೆಯಾ? ಮುಂದಿನ ಸಲ ಜಿಲ್ಲೆಯ ಸಂಗೀತ ಪರಂಪರೆ ಬಗ್ಗೆ ಯಾರಾದ್ರೂ ವೇದಿಕೆ ಮೇಲೆ ಎದೆ ತಟ್ಟಿಕೊಂಡರೆ, ಈ ಎರಡು ಪ್ರಶ್ನೆ ಕೇಳ್ರಿ.