ಗಾಳಿಯನ್ನು ಅಳೆದ ವಿಜ್ಞಾನಿ

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ನಮ್ಮ ರೈತರ ಅನುಭವದ ನುಡಿ. ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯಂತಹ ಊರುಗಳ ಕಣದಲ್ಲಿ ರಾಗಿಯನ್ನು ತೂರುವವನು ರಾಶಿಯನ್ನೆಲ್ಲ ಒಮ್ಮೆಗೇ ಗಾಳಿಗೆ ಒಡ್ಡುವುದಿಲ್ಲ. ಮೊದಲು ಒಂದು ಹಿಡಿಯಷ್ಟನ್ನು ಮೇಲಿನಿಂದ ಬಿಟ್ಟು, ಹೊಟ್ಟು ಎಷ್ಟು ದೂರ ಹೋಯಿತು, ಕಾಳು ಎಲ್ಲಿ ಬಿದ್ದಿತು ಎಂಬುದನ್ನು ನೋಡುತ್ತಾನೆ. ಅದಕ್ಕೆ ತಕ್ಕಂತೆ ಮೊರದ ಎತ್ತರವನ್ನೂ ತಾನು ನಿಲ್ಲುವ ದಿಕ್ಕನ್ನೂ ಸರಿಪಡಿಸಿಕೊಳ್ಳುತ್ತಾನೆ. ಊಹೆಯನ್ನು ಅನುಭವದಿಂದ ತಿದ್ದಿಕೊಳ್ಳುವ ಈ ವಿವೇಕವೇ ವಿಜ್ಞಾನದ ಬೇರು. ಇದೇ ವಿವೇಕವನ್ನು ವಿಮಾನ, ರಾಕೆಟ್ಟುಗಳ ವಿದ್ಯೆಗೆ ಅನ್ವಯಿಸಿ, ಲೆಕ್ಕಕ್ಕೂ ವಾಸ್ತವಕ್ಕೂ ನಡುವೆ ನಿಷ್ಠುರವಾದ ಅಳತೆಗೋಲನ್ನು ಹಿಡಿದು ನಿಂತವರು ಪ್ರೊಫೆಸರ್ ಸತೀಶ್ ಧವನ್.

ಧವನ್ ಅವರು 1920ರ ಸೆಪ್ಟೆಂಬರ್ 25ರಂದು ಕಾಶ್ಮೀರದ ಶ್ರೀನಗರದಲ್ಲಿ ಜನಿಸಿದರು. ತಂದೆ ನ್ಯಾಯಾಂಗದ ಸೇವೆಯಲ್ಲಿದ್ದವರು. ಬಾಲಕನ ಆಸಕ್ತಿಗಳು ಹಲವು ದಿಕ್ಕಿಗೆ ಹರಿದಿದ್ದವು. ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಅವರು ಮೊದಲು ಗಣಿತ ಮತ್ತು ಭೌತವಿಜ್ಞಾನಗಳಲ್ಲಿ ಪದವಿ ಪಡೆದರು. ಬಳಿಕ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದರು, ಅದೂ ಸಾಲದೆಂಬಂತೆ 1945ರಲ್ಲಿ ಯಂತ್ರಶಿಲ್ಪದ ಪದವಿಯನ್ನೂ ಗಳಿಸಿದರು. ಅನಂತರ ಸ್ವಲ್ಪಕಾಲ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿದರು. ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯನ್ನು ಸೇರಿದರು. ಅಲ್ಲಿ ಹ್ಯಾನ್ಸ್ ಲೀಪ್‌ಮನ್ ಎಂಬ ಪ್ರಸಿದ್ಧ ವಿಜ್ಞಾನಿ ಅವರ ಗುರುಗಳಾದರು.

ಡಾಕ್ಟರೇಟ್ ಪದವಿಗಾಗಿ ಧವನ್ ಆರಿಸಿಕೊಂಡ ವಿಷಯ ಮೇಲುನೋಟಕ್ಕೆ ಸಣ್ಣದು. ವಿಮಾನವು ಹಾರುವಾಗ ಗಾಳಿಯು ಅದರ ಮೈಯನ್ನು ಉಜ್ಜುತ್ತ ಸಾಗುತ್ತದೆ. ಈ ತಿಕ್ಕಾಟವು ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ಆ ಎಳೆತ ಎಷ್ಟೆಂಬುದು ತಿಳಿಯದೆ ಎಂಜಿನ್ನಿನ ಶಕ್ತಿಯನ್ನಾಗಲಿ ಇಂಧನದ ಪ್ರಮಾಣವನ್ನಾಗಲಿ ನಿರ್ಧರಿಸಲಾಗದು. ಇದಕ್ಕೆ ಸೂತ್ರಗಳೇನೋ ಇದ್ದವು. ಆದರೆ ವಿಮಾನದ ವೇಗವು ಶಬ್ದದ ವೇಗವನ್ನು ಸಮೀಪಿಸಿದಾಗ ಯಾವ ಸೂತ್ರ ಸರಿ, ಯಾವುದು ತಪ್ಪು ಎಂದು ಹೇಳಬಲ್ಲ ನೇರವಾದ ಅಳತೆಗಳು ಬೇಕಾಗಿದ್ದವು.

ಧವನ್ ಆ ಅಳತೆಗೆ ಕೈಹಾಕಿದರು. ನುಣುಪಾದ ಒಂದು ಫಲಕದಲ್ಲಿ ಪುಟ್ಟದೊಂದು ತುಂಡನ್ನು ಬೇರ್ಪಡಿಸಿ, ಸುತ್ತಲೂ ಕೂದಲೆಳೆಯಂತಹ ಸಂದು ಬಿಟ್ಟು, ಅದು ಅಲುಗಾಡುವಂತೆ ಜೋಡಿಸಿದರು. ಫಲಕದ ಮೇಲೆ ಗಾಳಿ ಬೀಸಿದಾಗ ಆ ತುಂಡು ಕಣ್ಣಿಗೆ ಕಾಣದಷ್ಟು ಮಾತ್ರ ಸರಿಯುವುದು. ಆ ಸರಿತವನ್ನು ವಿದ್ಯುತ್ ಉಪಕರಣದಿಂದ ಗುರುತಿಸಿ ಗಾಳಿಯ ತಿಕ್ಕಾಟದ ಬಲವನ್ನು ಕಂಡುಕೊಳ್ಳುವುದು ಅವರ ಉಪಾಯ. ಅವರು ಅನುಸರಿಸಿದ ಕ್ರಮ ಗಮನಾರ್ಹವಾದುದು. ಉಪಕರಣವನ್ನು ಕಡಮೆ ವೇಗದ, ಶಾಂತವಾದ ಪ್ರವಾಹದಲ್ಲಿಯೂ ಇಟ್ಟು ನೋಡಿದರು. ಅಂತಹ ಪ್ರವಾಹಕ್ಕೆ 1908ರಲ್ಲಿ ಬ್ಲಾಸಿಯಸ್ ಎಂಬ ಜರ್ಮನ್ ವಿಜ್ಞಾನಿ ಕೊಟ್ಟಿದ್ದ ಲೆಕ್ಕ ಎಲ್ಲರೂ ಒಪ್ಪಿದ್ದು. ಅಳತೆಯು ಆ ಲೆಕ್ಕಕ್ಕೆ ಹೊಂದಿತು. ಹೀಗೆ ಗೊತ್ತಿರುವ ಸಂಗತಿಯಲ್ಲಿ ಉಪಕರಣವು ನಂಬಿಕೆಗೆ ಅರ್ಹವೆಂದು ಸ್ಥಿರಪಟ್ಟರೆ ಮಾತ್ರ ಗೊತ್ತಿಲ್ಲದ ಸಂಗತಿಯಲ್ಲಿ ಅದು ನುಡಿಯುವುದನ್ನು ನಂಬಬಹುದು. ಅದೇ ಉಪಕರಣದಿಂದ ಶಬ್ದವನ್ನು ಮೀರಿದ ವೇಗದ ಪ್ರವಾಹದಲ್ಲಿಯೂ ಅವರು ಬಲವನ್ನು ಅಳೆದರು. 1951ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಆ ವಿಧಾನವು ಮುಂದೆ ಇತರ ಸಂಶೋಧಕರಿಗೂ ದಾರಿಯಾಯಿತು.

ಅದೇ ವರ್ಷ ಅವರು ತಾಯ್ನಾಡಿಗೆ ಮರಳಿ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಸ್ವಾತಂತ್ರ್ಯ ಬಂದು ಇನ್ನೂ ನಾಲ್ಕೇ ವರ್ಷವಾಗಿತ್ತು. ಹಣವೂ ಸಲಕರಣೆಗಳೂ ವಿರಳ. ಆದರೂ ಧವನ್ ಶಬ್ದಾತೀತ ವೇಗದ ವಾಯುಸುರಂಗವೊಂದನ್ನು ಅಲ್ಲಿ ನಿರ್ಮಿಸಿದರು. ಮಾದರಿಯನ್ನು ಇರಿಸುವ ಅದರ ಬಾಯಿಯ ಅಗಲ ಒಂದು ಅಂಗುಲ, ಎತ್ತರ ಮೂರು ಅಂಗುಲ! ನಮ್ಮ ದೇಶದಲ್ಲಿ ಆ ಬಗೆಯ ಸುರಂಗಗಳಲ್ಲಿ ಅದೇ ಮೊದಲನೆಯದು. 1955ರಲ್ಲಿ ಅವರು ವಿಮಾನಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ವಾಯುಸುರಂಗದ ಉಪಯೋಗವೇನೆಂಬುದನ್ನು ಇಲ್ಲಿ ತಿಳಿಯಬೇಕು. ವಿಮಾನವೊಂದನ್ನು ಕಟ್ಟಿ ಹಾರಿಸಿದ ಮೇಲೆ ದೋಷ ಕಂಡುಬಂದರೆ ಪ್ರಾಣವೂ ಧನವೂ ನಷ್ಟವಾಗುತ್ತವೆ. ಆದುದರಿಂದ ಅದರ ಚಿಕ್ಕ ಮಾದರಿಯನ್ನು ಮಾಡಿ, ಅದನ್ನು ಕದಲದಂತೆ ನಿಲ್ಲಿಸಿ, ಅದರ ಮೇಲೆ ಗಾಳಿಯನ್ನು ರಭಸದಿಂದ ಹಾಯಿಸಿ, ಬಲಗಳನ್ನು ಅಳೆಯುತ್ತಾರೆ. ಆದರೆ ಮಾದರಿಯು ಮೂಲದ ಚಿಕ್ಕ ರೂಪವೇ ಹೊರತು ಮೂಲವಲ್ಲ. ಚಿಕ್ಕ ರೆಕ್ಕೆಯ ಮೇಲೆ ಗಾಳಿಯು ಪದರ ಪದರವಾಗಿ ನಯವಾಗಿ ಜಾರಬಹುದು. ಅದೇ ಆಕಾರದ ದೊಡ್ಡ ರೆಕ್ಕೆಯ ಮೇಲೆ ಸುಳಿಸುಳಿಯಾಗಿ ಕ್ಷೋಭೆಗೊಳ್ಳಬಹುದು. ಕ್ಷೋಭೆಗೊಂಡ ಗಾಳಿಯ ತಿಕ್ಕಾಟವೇ ಬೇರೆ. ಹೀಗಾಗಿ ಮಾದರಿಯಿಂದ ದೊರೆತ ಅಂಕಗಳನ್ನು ಹಾಗೆಯೇ ದೊಡ್ಡದು ಮಾಡಿದರೆ ಮೋಸಹೋಗುವ ಸಂಭವವಿದೆ. ನಯವಾದ ಪ್ರವಾಹವು ಎಲ್ಲಿ, ಹೇಗೆ ಕ್ಷೋಭೆಗೊಳ್ಳುತ್ತದೆಂಬುದನ್ನು ಅರಿತರೆ ಮಾತ್ರ ಮಾದರಿಯನ್ನು ಮೂಲಕ್ಕೆ ಸರಿಹೊಂದಿಸಬಹುದು.

ಈ ಸಮಸ್ಯೆಯನ್ನು ಧವನ್ ತಮ್ಮ ಶಿಷ್ಯ ರೊದ್ದಂ ನರಸಿಂಹ ಅವರೊಡನೆ ಪರಿಶೀಲಿಸಿದರು. ಎರಡು ಸ್ಥಿತಿಗಳ ನಡುವಣ ವಲಯದಲ್ಲಿ ಪ್ರವಾಹವು ಕೆಲವು ಕ್ಷಣ ನಯವಾಗಿಯೂ ಕೆಲವು ಕ್ಷಣ ಕ್ಷೋಭೆಗೊಂಡೂ ಇರುತ್ತದೆ. ಕ್ಷೋಭೆಯ ಕಾಲದ ಪಾಲು ಮುಂದೆ ಮುಂದೆ ಹೇಗೆ ಹೆಚ್ಚುತ್ತದೆಂಬುದನ್ನು ಅವರು ಅಳತೆಗಳಿಂದ ಕಂಡುಕೊಂಡರು. ಬೇರೆ ಬೇರೆ ಪ್ರಯೋಗಗಳ ಅಂಕಗಳನ್ನು ತಕ್ಕ ಮಾನದಲ್ಲಿ ಬರೆದಾಗ, ಚದುರಿದಂತೆ ಕಾಣುತ್ತಿದ್ದ ಬಿಂದುಗಳೆಲ್ಲ ಒಂದೇ ರೇಖೆಯ ಮೇಲೆ ಬಂದು ಕುಳಿತವು. 1958ರಲ್ಲಿ ಪ್ರಕಟವಾದ ಈ ಸಂಶೋಧನೆಯನ್ನು ವಿಜ್ಞಾನಲೋಕವು ಗೌರವದಿಂದ ಸ್ವೀಕರಿಸಿತು.

1962ರಲ್ಲಿ, ತಮ್ಮ ನಲವತ್ತೆರಡನೆಯ ವಯಸ್ಸಿನಲ್ಲಿ, ಧವನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1981ರವರೆಗೆ ಆ ಹೊಣೆಯನ್ನು ನಿರ್ವಹಿಸಿದರು. ಅವರ ಕಾಲದಲ್ಲಿ ಅಲ್ಲಿ ಹಲವು ಹೊಸ ಶಾಸ್ತ್ರಗಳು ಬೇರೂರಿದವು. ಹಳ್ಳಿಗಳ ಬಾಳಿಗೆ ವಿಜ್ಞಾನವನ್ನು ಒದಗಿಸುವ ಅಸ್ತ್ರ ಎಂಬ ಕೇಂದ್ರವು 1974ರಲ್ಲಿ ಆರಂಭವಾದದ್ದೂ ಅವರ ಕಾಲದಲ್ಲಿಯೇ. ನಾಡಿನ ಅಡುಗೆಮನೆಗಳಲ್ಲಿ ಸೌದೆಯ ಖರ್ಚನ್ನೂ ಹೊಗೆಯ ಬಾಧೆಯನ್ನೂ ತಗ್ಗಿಸಿದ ಅಸ್ತ್ರ ಒಲೆಯು ಆ ಕೇಂದ್ರದ ಕೊಡುಗೆ.

1970ರ ದಶಕದಲ್ಲಿ ಅವರ ಮುಂದೆ ಒಂದು ಕಠಿಣ ಪ್ರಶ್ನೆ ಬಂದಿತು. ಬ್ರಿಟನ್ನಿನ ವಿನ್ಯಾಸದಂತೆ ಕಾನ್ಪುರದಲ್ಲಿ ತಯಾರಾಗುತ್ತಿದ್ದ ಆವ್ರೋ ಎಂಬ ಪ್ರಯಾಣಿಕ ವಿಮಾನಗಳ ಕ್ಷೇಮದ ಬಗ್ಗೆ ಸಂದೇಹಗಳು ಎದ್ದವು. ಅದಕ್ಕೆ ಎರಡು ಎಂಜಿನ್ನುಗಳು. ನೆಲ ಬಿಡುವ ಹೊತ್ತಿನಲ್ಲಿ ಒಂದು ಕೆಟ್ಟುನಿಂತರೆ ಉಳಿದ ಒಂದರ ಬಲದಿಂದಲೇ ವಿಮಾನವು ಮೇಲೇರಬೇಕು. ನಮ್ಮ ಬೇಸಗೆಯ ಬಿಸಿಗಾಳಿ ತೆಳುವಾದುದು. ಅಂತಹ ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕುಂದುತ್ತದೆ. ಒಂದು ಕಡೆ ಪ್ರಯಾಣಿಕರ ಪ್ರಾಣ, ಇನ್ನೊಂದು ಕಡೆ ದೇಶದ ವಿಮಾನೋದ್ಯಮದ ಮಾನ. ವಿಚಾರಣಾ ಸಮಿತಿಯ ಅಧ್ಯಕ್ಷರಾದ ಧವನ್ ಕೈಪಿಡಿಯ ಅಂಕಗಳನ್ನು ನಂಬಿ ತೀರ್ಪು ಕೊಡಲಿಲ್ಲ. ಸಂದೇಹದ ಮಾತುಗಳಿಗೆ ಮಣಿದೂ ಕೊಡಲಿಲ್ಲ. ವಿಮಾನವನ್ನು ಹಾರಿಸಿ ಅಳೆದು ನೋಡುವ ಏರ್ಪಾಡಾಯಿತು. ಇದು ಸುಲಭದ ಕೆಲಸವಲ್ಲ. ಆಕಾಶದಲ್ಲಿ ಗಾಳಿಯೇ ಏರುತ್ತ ಇಳಿಯುತ್ತ ಇರುವುದರಿಂದ ಒಂದು ಹಾರಾಟದ ಅಂಕವನ್ನು ನೆಚ್ಚುವಂತಿಲ್ಲ. ಅಂಕಗಳು ಏಕೆ ಚದುರುತ್ತವೆಂಬುದನ್ನು ತಿಳಿದು ಸರಿದೂಗಿಸಿದ ಬಳಿಕವೇ ಅವನ್ನು ಲೆಕ್ಕದೊಡನೆ ಹೋಲಿಸಬೇಕು. ಆ ವಿಮಾನಗಳು ಅನಂತರವೂ ಬಹುಕಾಲ ದೇಶದ ಸೇವೆಯಲ್ಲಿದ್ದವು.

1971ರ ಡಿಸೆಂಬರ್ ಕೊನೆಯಲ್ಲಿ ವಿಕ್ರಂ ಸಾರಾಭಾಯ್ ಅವರು ಅಕಾಲಿಕವಾಗಿ ತೀರಿಕೊಂಡಾಗ, ದೇಶದ ಬಾಹ್ಯಾಕಾಶ ಕಾರ್ಯದ ಭಾರವನ್ನು ಹೊರುವಂತೆ ಪ್ರಧಾನಿ ಇಂದಿರಾ ಗಾಂಧಿಯವರು ಧವನ್ ಅವರನ್ನು ಕೇಳಿಕೊಂಡರು. ವಿಜ್ಞಾನ ಸಂಸ್ಥೆಯ ನಿರ್ದೇಶಕತ್ವವನ್ನು ಬಿಡುವುದಿಲ್ಲ, ಬಾಹ್ಯಾಕಾಶ ಸಂಸ್ಥೆಯ ಕೇಂದ್ರಕಚೇರಿ ಬೆಂಗಳೂರಿನಲ್ಲಿರಬೇಕು ಎಂಬ ನಿಬಂಧನೆಗಳೊಡನೆ ಅವರು ಒಪ್ಪಿದರು. ಬೆಂಗಳೂರಿನ ಪೀಣ್ಯದಲ್ಲಿ ರೂಪುಗೊಂಡ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಆಕಾಶಕ್ಕೇರಿತು.

ನಮ್ಮದೇ ಉಡಾವಣಾ ವಾಹನದ ಮೊದಲ ಯತ್ನ ನಡೆದುದು 1979ರ ಆಗಸ್ಟ್ 10ರಂದು. ಹದಿನೇಳು ಟನ್ ತೂಕದ ಆ ವಾಹನವು ಶ್ರೀಹರಿಕೋಟೆಯಿಂದ ಮೇಲೇರಿ, ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ಕೆಟ್ಟುದರಿಂದ ಸಮುದ್ರಕ್ಕೆ ಬಿದ್ದಿತು. ಯೋಜನೆಯ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಅವರು ಕುಗ್ಗಿಹೋಗಿದ್ದರು. ಧವನ್ ಪತ್ರಕರ್ತರ ಮುಂದೆ ತಾವೇ ನಿಂತು ಸೋಲಿನ ಹೊಣೆಯನ್ನು ತಮ್ಮ ಮೇಲೆ ಹೊತ್ತರು. ಸೋಲಿನ ಹಾರಾಟದ ಅಂಕಗಳೂ ಪಾಠವಾದವು. 1980ರ ಜುಲೈ 18ರಂದು ಅದೇ ಬಗೆಯ ವಾಹನವು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆಗ ಧವನ್ ಹಿಂದೆ ಸರಿದು, ಪತ್ರಕರ್ತರೊಡನೆ ಮಾತನಾಡಲು ಕಲಾಂ ಅವರನ್ನು ಮುಂದೆ ಕಳುಹಿಸಿದರು.

1981ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಅವರಿಗೆ ಸಂದಿತು. 1984ರಲ್ಲಿ ಬಾಹ್ಯಾಕಾಶ ಸಂಸ್ಥೆಯ ಹೊಣೆಯಿಂದ ಬಿಡುಗಡೆ ಹೊಂದಿದ ಮೇಲೂ ಅವರ ಕುತೂಹಲ ಬತ್ತಲಿಲ್ಲ. ಹಕ್ಕಿಗಳ ಹಾರಾಟವನ್ನು ಕುರಿತು ಅವರು ಪುಸ್ತಕವನ್ನೇ ಬರೆದರು. 2002ರ ಜನವರಿ 3ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಅದೇ ವರ್ಷ ಶ್ರೀಹರಿಕೋಟೆಯ ಉಡಾವಣಾ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು.

ಇಂದು ನಗರದ ವಾಹನಸಂಚಾರವನ್ನಾಗಲಿ ವಿಮಾನದ ಹಾರಾಟವನ್ನಾಗಲಿ ಕಂಪ್ಯೂಟರಿನಲ್ಲಿಯೇ ಅನುಕರಿಸಿ ನೋಡುವ ಪದ್ಧತಿ ಬಂದಿದೆ. ತೆರೆಯ ಮೇಲೆ ರಸ್ತೆಗಳೂ ರೆಕ್ಕೆಗಳೂ ನಿಜವೆಂಬಂತೆ ಕಾಣುತ್ತವೆ. ಆದರೆ ಸೂತ್ರದೊಳಗಿನ ಅಂಕಗಳನ್ನು ವಾಸ್ತವದ ಅಳತೆಗಳಿಂದ ತಿದ್ದಬೇಕು. ತಿದ್ದಲು ಬಳಸದೆ ಉಳಿಸಿಕೊಂಡ ಬೇರೆ ಅಳತೆಗಳಿಂದ ಮತ್ತೆ ಪರೀಕ್ಷಿಸಬೇಕು. ಇಲ್ಲವಾದರೆ ಅಂತಹ ಅನುಕರಣೆ ಚಂದದ ಚಿತ್ರವಾಗಿ ಮಾತ್ರ ಉಳಿಯುತ್ತದೆ. ತಾವು ಮಾಡಿದ ಲೆಕ್ಕವನ್ನು ಪ್ರೀತಿಸುವುದು ಎಲ್ಲರಿಗೂ ಸಹಜ. ಅಳತೆಯು ಬೇರೆ ನುಡಿದಾಗ ಆ ಲೆಕ್ಕವನ್ನು ಬಿಟ್ಟುಕೊಡುವುದಕ್ಕೆ ಸತ್ಯನಿಷ್ಠೆ ಬೇಕು. ಅದು ಸೋತಾಗ ಹೊಣೆಯನ್ನು ಹೊರುವುದಕ್ಕೆ ಧೈರ್ಯ ಬೇಕು. ಈ ಎರಡು ಗುಣಗಳೂ ಧವನ್ ಅವರಲ್ಲಿ ಒಂದಾಗಿ ನೆಲೆಸಿದ್ದವು.